ವಿಜ್ಞಾನಕ್ಕೆ ವಯಸ್ಸುಂಟೆ?

‘ದೇಶ ಸುತ್ತು, ಕೋಶ ಓದು’ ಎಂಬುದು ನಮ್ಮ ಹಿರಿಯರ ಮಾತು. ಜ್ಞಾನಾರ್ಜನೆಗೆ ಎರಡು ದಾರಿಗಳಿವೆ ಎಂಬ ಸತ್ಯವನ್ನು ಈ ಗಾದೆ ನಾಲ್ಕೇ ಪದಗಳಲ್ಲಿ ಹೇಳಿಬಿಡುತ್ತದೆ. ಕಣ್ಣಾರೆ ಕಂಡು, ಕೈಯಾರೆ ಮಾಡಿ ಗಳಿಸುವುದು ಒಂದು ದಾರಿ. ಬರೆದಿಟ್ಟದ್ದನ್ನು ಓದಿ, ವಿಚಾರ ಮಾಡಿ ಗಳಿಸುವುದು ಇನ್ನೊಂದು. ಒಬ್ಬನೇ ಮನುಷ್ಯನಲ್ಲಿ ಇವೆರಡೂ ಸಮನಾಗಿ ಕೂಡಿರುವುದು ಅಪೂರ್ವ. ಆದರೆ ನಮ್ಮ ಹಳ್ಳಿಗಳ ಸಾಮಾನ್ಯ ಮನೆಯೊಂದರಲ್ಲಿ ಇವೆರಡೂ ಒಂದೇ ಸೂರಿನಡಿ ವಾಸವಾಗಿರುತ್ತವೆ. ಐವತ್ತು ಮಳೆಗಾಲಗಳನ್ನು ಕಂಡ ಅಜ್ಜ ಜಗುಲಿಯ ಮೇಲಿದ್ದಾನೆ. ವಿಜ್ಞಾನದ ಪುಸ್ತಕವನ್ನು ಹಿಡಿದ ಮೊಮ್ಮಗಳು ನಡುಮನೆಯಲ್ಲಿದ್ದಾಳೆ. ಇಬ್ಬರ ನಡುವೆ ಇರುವುದು ಒಂದು ಹೊಸ್ತಿಲು ಮಾತ್ರ. ಆದರೂ ಅವನ ಅನುಭವ ಅವಳ ಪುಸ್ತಕವನ್ನು ಸೇರುವುದಿಲ್ಲ. ಅವಳ ಪುಸ್ತಕ ಅವನ ಹೊಲವನ್ನು ಮುಟ್ಟುವುದಿಲ್ಲ.

ಇದರಿಂದ ಆಗುವ ನಷ್ಟ ಅಲ್ಪವಾದುದಲ್ಲ. ಹಿರಿಯರ ತಿಳಿವಳಿಕೆ ಬರೆದಿಡುವವರಿಲ್ಲದೆ ಅವರೊಡನೆಯೇ ಮಣ್ಣುಪಾಲಾಗುತ್ತದೆ. ಕಿರಿಯರ ವಿದ್ಯೆ ಪರೀಕ್ಷೆಯ ಉತ್ತರಪತ್ರಿಕೆಯಲ್ಲಿ ಹುಟ್ಟಿ ಅಲ್ಲಿಯೇ ಮುಗಿಯುತ್ತದೆ. ಹೊಲದ ಬೆಳೆಗೆ ರೋಗ ಬಂದಾಗ ಇಬ್ಬರೂ ಕೈಚೆಲ್ಲಿ ಕೂರುತ್ತಾರೆ. ಈ ಇಬ್ಬರನ್ನೂ ಒಂದೇ ಚಾಪೆಯ ಮೇಲೆ ಕುಳ್ಳಿರಿಸಿ ವಿಜ್ಞಾನವನ್ನು ಕಲಿಸಲು ಸಾಧ್ಯವೆ? ಸಾಧ್ಯವಾದರೆ ಆ ಕೆಲಸಕ್ಕೆ ಮುಂದಾಗಬೇಕಾದವರು ಯಾರು? ಕನ್ನಡ ನಾಡಿನ ವಿಶ್ವವಿದ್ಯಾನಿಲಯಗಳು ಈ ಪ್ರಶ್ನೆಗಳಿಗೆ ಬೇರೆಬೇರೆ ಕಾಲದಲ್ಲಿ ಬೇರೆಬೇರೆ ಬಗೆಯ ಉತ್ತರಗಳನ್ನು ಕೊಟ್ಟಿವೆ.

ಮೈಸೂರು ವಿಶ್ವವಿದ್ಯಾನಿಲಯ ಪ್ರಾರಂಭವಾದದ್ದು 1916ರಲ್ಲಿ. ಅಂದು ಉನ್ನತ ವಿದ್ಯೆಯ ಭಾಷೆ ಇಂಗ್ಲಿಷು; ಅದನ್ನು ಪಡೆಯುತ್ತಿದ್ದವರು ಬೆರಳೆಣಿಕೆಯ ಜನ. ತೆರಿಗೆ ತೆರುವ ರೈತನಿಗೂ ಅವನ ತೆರಿಗೆಯಿಂದ ನಡೆಯುವ ವಿದ್ಯಾಮಂದಿರಕ್ಕೂ ಯಾವ ಸಂಬಂಧವೂ ಇಲ್ಲದಂತೆ ತೋರುತ್ತಿತ್ತು. ಈ ಅಂತರವನ್ನು ಕಂಡು ನೊಂದ ಹಿರಿಯರು ಆಗಲೂ ಇದ್ದರು. ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ ಕೂಡಿ 1918ರಲ್ಲಿ ‘ವಿಜ್ಞಾನ’ ಎಂಬ ಕನ್ನಡ ಮಾಸಪತ್ರಿಕೆಯನ್ನು ಹೊರಡಿಸಿದರು. ಪತ್ರಿಕೆಯ ಆಯುಸ್ಸು ಹೆಚ್ಚಲ್ಲ. ಆದರೆ ವಿಜ್ಞಾನವನ್ನು ಕನ್ನಡದಲ್ಲಿ ಹೇಳಲಾಗದು ಎಂಬ ಮಾತಿಗೆ ಅದು ತಕ್ಕ ಉತ್ತರವಾಯಿತು. ಮುಂದೆ ಮೂವತ್ತರ ದಶಕದಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ಪ್ರಚಾರೋಪನ್ಯಾಸಗಳನ್ನು ಏರ್ಪಡಿಸಿತು. ಅಧ್ಯಾಪಕರು ಮೈಸೂರು, ಬೆಂಗಳೂರುಗಳನ್ನು ಬಿಟ್ಟು ಸಣ್ಣ ಊರುಗಳಿಗೆ ಹೋಗಿ, ಅಲ್ಲಿನ ಜನರ ಎದುರಿಗೆ ನಿಂತು, ತಮ್ಮ ಶಾಸ್ತ್ರವನ್ನು ತಿಳಿಗನ್ನಡದಲ್ಲಿ ವಿವರಿಸಿದರು. ಆ ಉಪನ್ಯಾಸಗಳು ಕಿರುಹೊತ್ತಗೆಗಳಾಗಿ ಅಲ್ಪ ಬೆಲೆಗೆ ದೊರೆಯುವಂತಾದುವು. ವಿದ್ಯಾರ್ಥಿ ವಿಶ್ವವಿದ್ಯಾನಿಲಯಕ್ಕೆ ಹೋಗಲಾರದಿದ್ದರೆ ವಿಶ್ವವಿದ್ಯಾನಿಲಯವೇ ಅವನ ಊರಿಗೆ ಬರಬೇಕು ಎಂಬ ಉದಾತ್ತವಾದ ಭಾವನೆ ಈ ಪ್ರಯತ್ನದ ಹಿಂದಿತ್ತು. ಈ ಕಾರ್ಯವನ್ನು ಮುಂದುವರಿಸಿದ ವಿಭಾಗವೇ ‘ಪ್ರಸಾರಾಂಗ’.

ಬೆಂಗಳೂರಿನಲ್ಲಿ ಇದೇ ಕಾರ್ಯ ಇನ್ನೊಂದು ರೂಪವನ್ನು ತಾಳಿತು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡ ಕುಟುಂಬದಲ್ಲಿ 1920ರಲ್ಲಿ ಜನಿಸಿದ ಡಾ. ಎಚ್. ನರಸಿಂಹಯ್ಯನವರು ಭೌತವಿಜ್ಞಾನದಲ್ಲಿ ಪಾಂಡಿತ್ಯವನ್ನು ಗಳಿಸಿ, 1972ರಿಂದ 1977ರವರೆಗೆ ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದರು. ಅದಕ್ಕೆ ಹತ್ತು ವರ್ಷ ಮೊದಲೇ, ಎಂದರೆ 1962ರಲ್ಲಿ, ಅವರು ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ‘ಬೆಂಗಳೂರು ಸೈನ್ಸ್ ಫೋರಂ’ ಎಂಬ ವೇದಿಕೆಯನ್ನು ಹುಟ್ಟುಹಾಕಿದ್ದರು. ವಾರಕ್ಕೊಮ್ಮೆ ಅಲ್ಲೊಂದು ವಿಜ್ಞಾನ ಉಪನ್ಯಾಸ. ಪ್ರವೇಶಕ್ಕೆ ಪದವಿಯ ಅರ್ಹತೆ ಬೇಡ, ವಯಸ್ಸಿನ ಮಿತಿ ಇಲ್ಲ. ಪ್ರಶ್ನಿಸದೆ ಏನನ್ನೂ ಒಪ್ಪಬೇಡಿ ಎಂಬುದು ನರಸಿಂಹಯ್ಯನವರು ಬಾಳಿನುದ್ದಕ್ಕೂ ಸಾರಿದ ತತ್ತ್ವ. ಪ್ರಶ್ನೆ ಕೇಳುವವನ ತಲೆಗೂದಲು ಕಪ್ಪೋ ಬಿಳುಪೋ ಎಂಬುದು ಆ ತತ್ತ್ವಕ್ಕೆ ಸಂಬಂಧಪಡದ ವಿಷಯ.

ಇಂದಿಗೂ ಈ ಪರಂಪರೆ ಹಲವು ರೀತಿಗಳಲ್ಲಿ ಉಳಿದುಬಂದಿದೆ. 1909ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ವರ್ಷಕ್ಕೆ ಒಂದು ದಿನ ತನ್ನ ಪ್ರಯೋಗಶಾಲೆಗಳ ಬಾಗಿಲನ್ನು ಸಾರ್ವಜನಿಕರಿಗೆ ತೆರೆಯುತ್ತದೆ. ಆ ದಿನ ಶಾಲೆಯ ಮಕ್ಕಳು ಬರುತ್ತಾರೆ. ಅವರ ಕೈಹಿಡಿದು ತಂದೆತಾಯಿಗಳು, ಅಜ್ಜಅಜ್ಜಿಯರು ಬರುತ್ತಾರೆ. ಸಂಶೋಧಕರು ತಾವು ಮಾಡುತ್ತಿರುವ ಕೆಲಸವನ್ನು ಅವರಿಗೆ ತೋರಿಸಿ ವಿವರಿಸುತ್ತಾರೆ. 1964ರಲ್ಲಿ ಪ್ರಾರಂಭವಾದ ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯದ ಕೃಷಿ ಮೇಳಕ್ಕೆ ದೂರದೂರದ ಜಿಲ್ಲೆಗಳಿಂದ ರೈತ ಕುಟುಂಬಗಳು ಬರುತ್ತವೆ. ಹೊಸ ತಳಿಯ ತೆನೆಯನ್ನು ಬೆರಳಲ್ಲಿ ಹಿಸುಕಿ ನೋಡುವ ಮುದುಕರೂ ಅದರ ಹೆಸರನ್ನು ಫಲಕದಲ್ಲಿ ಓದಿ ಹೇಳುವ ಮಕ್ಕಳೂ ಅಲ್ಲಿ ಅಕ್ಕಪಕ್ಕದಲ್ಲಿ ನಿಂತಿರುತ್ತಾರೆ.

ಈ ಮಾತುಗಳನ್ನು ಕೇಳಿ, ‘ಇದೆಲ್ಲ ರಾಜಧಾನಿಯ ಭಾಗ್ಯ, ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ನಮಗೆ ಇದರಿಂದೇನು?’ ಎಂದು ಯಾರಾದರೂ ಕೇಳಬಹುದು. ವಾಸ್ತವವಾಗಿ ವಿಜ್ಞಾನ ಈ ಸೀಮೆಯಿಂದ ದೂರದಲ್ಲಿಲ್ಲ. ಹಾಸನದ ಹೇಮಗಂಗೋತ್ರಿಯಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಸ್ನಾತಕೋತ್ತರ ಕೇಂದ್ರವನ್ನು ತೆರೆಯಿತು. 2022ರಲ್ಲಿ ಜಿಲ್ಲೆಗೆ ತನ್ನದೇ ಆದ ವಿಶ್ವವಿದ್ಯಾನಿಲಯವೂ ದೊರೆಯಿತು. ಕಾರೇಕೆರೆಯಲ್ಲಿ ಕೃಷಿ ಮಹಾವಿದ್ಯಾಲಯವಿದೆ. ಭೂಮಿಯಿಂದ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿರುವ ಉಪಗ್ರಹಗಳನ್ನು ನಿಯಂತ್ರಿಸುವ ಭಾರತೀಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆಯ ಕೇಂದ್ರ 1982ರಿಂದ ಹಾಸನದಲ್ಲಿಯೇ ಇದೆ. ಇಷ್ಟೆಲ್ಲ ಇದ್ದರೂ ಊರಿನ ಜನಕ್ಕೂ ಈ ಸಂಸ್ಥೆಗಳಿಗೂ ನಡುವೆ ಒಂದು ಸಂಕೋಚದ ಗೋಡೆ ಇದ್ದೇ ಇರುತ್ತದೆ. ಆ ಗೋಡೆಯನ್ನು ಕೆಡವಲು ದೊಡ್ಡ ಯಂತ್ರಗಳು ಬೇಡ. ನಮ್ಮ ಸುತ್ತಲೇ ಇರುವ ಕೆಲವು ಪ್ರಶ್ನೆಗಳು ಸಾಕು. ಅಂಥ ಮೂರು ಪಾಠಗಳನ್ನು ಇಲ್ಲಿ ನೋಡೋಣ.

ಮೊದಲನೆಯದು ನೆರಳಿನ ಪಾಠ. ಮಧ್ಯಾಹ್ನ ಹನ್ನೆರಡು ಗಂಟೆಗೆ ಸೂರ್ಯ ನಡುನೆತ್ತಿಯ ಮೇಲೆ ಬರುತ್ತಾನೆ ಎಂದು ನಾವು ಸಾಮಾನ್ಯವಾಗಿ ಹೇಳುತ್ತೇವೆ. ಇದು ಪೂರ್ತಿ ನಿಜವಲ್ಲ. ವರ್ಷದ ಬಹುಪಾಲು ದಿನಗಳಲ್ಲಿ ನಡುಹಗಲಿನ ಸೂರ್ಯ ನೆತ್ತಿಯಿಂದ ತೆಂಕಣಕ್ಕೋ ಬಡಗಣಕ್ಕೋ ಸರಿದಿರುತ್ತಾನೆ. ಹಾಸನ ಸಮಭಾಜಕ ವೃತ್ತದಿಂದ ಉತ್ತರಕ್ಕೆ ಸುಮಾರು 13 ಡಿಗ್ರಿ ಅಕ್ಷಾಂಶದಲ್ಲಿದೆ. ಉತ್ತರಾಭಿಮುಖವಾಗಿ ಸಾಗುವ ಸೂರ್ಯ ಏಪ್ರಿಲ್ 24ರ ಆಸುಪಾಸಿನಲ್ಲಿ ಒಮ್ಮೆ, ಕರ್ಕಾಟಕ ಸಂಕ್ರಾಂತಿ ವೃತ್ತವನ್ನು ಮುಟ್ಟಿ ಹಿಂದಿರುಗುವಾಗ ಆಗಸ್ಟ್ 18ರ ಆಸುಪಾಸಿನಲ್ಲಿ ಮತ್ತೊಮ್ಮೆ, ಹೀಗೆ ವರ್ಷಕ್ಕೆ ಎರಡು ಬಾರಿ ಮಾತ್ರ ಈ ಸೀಮೆಯ ನೆತ್ತಿಯ ಮೇಲೆ ನೇರವಾಗಿ ನಿಲ್ಲುತ್ತಾನೆ. ಆಗ ಅಂಗಳದಲ್ಲಿ ನೆಟ್ಟಗೆ ನಿಲ್ಲಿಸಿದ ಒನಕೆಯ ನೆರಳು ಅದರ ಬುಡದಲ್ಲಿಯೇ ಅಡಗುತ್ತದೆ. ದೆಹಲಿಯ ಜನ ತಮ್ಮ ಊರಿನಲ್ಲಿ ಈ ನೋಟವನ್ನು ಎಂದೂ ಕಾಣಲಾರರು. ಏಕೆಂದರೆ ಸೂರ್ಯ ಅಷ್ಟು ದೂರ ಉತ್ತರಕ್ಕೆ ಹೋಗುವುದೇ ಇಲ್ಲ.

ಇನ್ನೊಂದು ವಿಶೇಷವಿದೆ. ನೆರಳು ಅಡಗುವುದು ಗಡಿಯಾರದ ಹನ್ನೆರಡಕ್ಕಲ್ಲ. ಹಾಸನದಲ್ಲಿ ಏಪ್ರಿಲಿನ ಆ ದಿನ ಸುಮಾರು 12 ಗಂಟೆ 24 ನಿಮಿಷಕ್ಕೆ. ನಮ್ಮ ಗಡಿಯಾರಗಳು ಅನುಸರಿಸುವುದು ಪೂರ್ವಕ್ಕಿರುವ 82½ ಡಿಗ್ರಿ ರೇಖಾಂಶದ ಸಮಯವನ್ನು. ಹಾಸನವಿರುವುದು ಸುಮಾರು 76 ಡಿಗ್ರಿಯಲ್ಲಿ. ಒಂದು ಡಿಗ್ರಿ ತಿರುಗಲು ಭೂಮಿಗೆ 4 ನಿಮಿಷ ಬೇಕು. ಪೂರ್ವಕ್ಕಿರುವ ಚನ್ನರಾಯಪಟ್ಟಣದಲ್ಲಿ ನೆರಳು ಹಾಸನಕ್ಕಿಂತ ಸುಮಾರು ಒಂದು ನಿಮಿಷ ಮೊದಲೇ ಅಡಗುತ್ತದೆ. ಎರಡು ಊರುಗಳ ಮಕ್ಕಳು ಒಂದೇ ದಿನ ಕೋಲು ನೆಟ್ಟು, ಗಡಿಯಾರ ನೋಡಿ ಬರೆದಿಟ್ಟುಕೊಂಡರೆ ಭೂಮಿ ತಿರುಗುತ್ತಿರುವುದನ್ನು ತಾವೇ ಅಳೆದಂತಾಯಿತು. ಸುಮಾರು 2,200 ವರ್ಷಗಳ ಹಿಂದೆ ಎರಟೋಸ್ತನೀಸ್ ಎಂಬ ಗ್ರೀಕ್ ವಿದ್ವಾಂಸ ಈಜಿಪ್ಟಿನ ಎರಡು ಊರುಗಳಲ್ಲಿ ಒಂದೇ ದಿನದ ನಡುಹಗಲಿನ ನೆರಳುಗಳನ್ನು ಹೋಲಿಸಿ ಇಡೀ ಭೂಮಿಯ ಸುತ್ತಳತೆಯನ್ನು ಲೆಕ್ಕ ಹಾಕಿದ. ಅವನಿಗಿದ್ದ ಮುಖ್ಯ ಉಪಕರಣವೂ ನೆರಳೇ.

ಇಷ್ಟು ಮಗುವಿನ ಪುಸ್ತಕದಿಂದ ಬಂದ ತಿಳಿವಳಿಕೆ. ಇದಕ್ಕೆ ಅಜ್ಜ ಏನನ್ನು ಕೂಡಿಸಬಲ್ಲ? ಒಂದು ಮನೆಯನ್ನು ಕಲ್ಪಿಸಿಕೊಳ್ಳೋಣ.

“ತಾತ, ಇವತ್ತು ಒನಕೆಗೆ ನೆರಳೇ ಇಲ್ಲ, ಬಂದು ನೋಡು” ಎನ್ನುತ್ತಾಳೆ ಮೊಮ್ಮಗಳು.

“ಇದು ಅಶ್ವಿನಿ ಮಳೆ ಕಾಲ ಕಣವ್ವ. ಇನ್ನು ಮೂರು ನಾಲ್ಕು ದಿನಕ್ಕೆ ಭರಣಿ ಹುಟ್ಟುತ್ತೆ” ಎನ್ನುತ್ತಾನೆ ಅಜ್ಜ.

ಅಜ್ಜನ ಮಾತು ಪ್ರಯೋಗಕ್ಕೆ ಸಂಬಂಧವಿಲ್ಲದ್ದೆಂದು ಮೊದಲು ತೋರಬಹುದು. ಆದರೆ ಅವನು ಹೇಳಿದ್ದೂ ಸೂರ್ಯನ ಲೆಕ್ಕವೇ. ಸೂರ್ಯ ಆಕಾಶದಲ್ಲಿ ಒಂದು ಸುತ್ತು ಬಂದಂತೆ ನಮಗೆ ಕಾಣುವುದು ಸುಮಾರು 365 ದಿನಗಳಲ್ಲಿ. ಆ ಹಾದಿಯನ್ನು ನಮ್ಮ ಪೂರ್ವಿಕರು 27 ನಕ್ಷತ್ರಗಳ ಭಾಗಗಳಾಗಿ ಹಂಚಿದರು. ಒಂದೊಂದು ಭಾಗಕ್ಕೆ ಸುಮಾರು ಹದಿಮೂರುವರೆ ದಿನ. ಸೂರ್ಯ ಅಶ್ವಿನಿಯ ಭಾಗದಲ್ಲಿರುವಾಗ ಬೀಳುವುದು ಅಶ್ವಿನಿ ಮಳೆ, ಭರಣಿಯಲ್ಲಿರುವಾಗ ಬೀಳುವುದು ಭರಣಿ ಮಳೆ. ನೆರಳಡಗುವ ಎರಡನೆಯ ದಿನ ಮಘೆ ಮಳೆಯ ಮೊದಲಲ್ಲಿ ಬರುತ್ತದೆ. ಹೀಗೆ ಅಕ್ಷರ ಬಾರದ ರೈತನೂ ಒಂದು ಸೌರ ಪಂಚಾಂಗವನ್ನು ನಾಲಗೆಯ ತುದಿಯಲ್ಲಿ ಇಟ್ಟುಕೊಂಡಿದ್ದಾನೆ. ಒನಕೆಯ ನೆರಳೂ ಅಜ್ಜನ ಮಳೆಯ ಹೆಸರೂ ಒಂದೇ ಸೂರ್ಯನನ್ನು ಎರಡು ಕಡೆಯಿಂದ ನೋಡಿದ ಫಲ.

ಹಾಗೆಂದು ಅಜ್ಜ ಹೇಳಿದ್ದೆಲ್ಲವನ್ನೂ ಕಣ್ಣುಮುಚ್ಚಿ ಒಪ್ಪಬೇಕಾಗಿಲ್ಲ. ‘ಭರಣಿ ಮಳೆ, ಧರಣಿ ಬೆಳೆ’ ಎಂಬ ಗಾದೆಯಿದೆ. ಭರಣಿಯಲ್ಲಿ ಮಳೆಯಾಗಿಯೇ ಆಗುವುದೆ? ಇಲ್ಲಿ ಮಗುವಿನ ಪ್ರಶ್ನೆ ಕೆಲಸಕ್ಕೆ ಬರುತ್ತದೆ. ಭೂಮಿಯ ಅಕ್ಷ ತಿರುಗುವ ಬುಗುರಿಯ ಮೊಳೆಯಂತೆ ನಿಧಾನವಾಗಿ ಓಲಾಡುತ್ತ ಸುಮಾರು 26,000 ವರ್ಷಗಳಲ್ಲಿ ಒಂದು ಸುತ್ತನ್ನು ಮುಗಿಸುತ್ತದೆ. ಇದರ ಫಲವಾಗಿ ನಕ್ಷತ್ರಗಳ ಲೆಕ್ಕಕ್ಕೂ ಋತುಗಳ ಲೆಕ್ಕಕ್ಕೂ ಸುಮಾರು 71 ವರ್ಷಗಳಿಗೆ ಒಂದು ದಿನದ ವ್ಯತ್ಯಾಸ ಬೀಳುತ್ತದೆ. ಸಾವಿರ ವರ್ಷಗಳಲ್ಲಿ ಈ ವ್ಯತ್ಯಾಸ 14 ದಿನಗಳಾಗುತ್ತದೆ. ಎಂದರೆ ಒಂದು ಇಡೀ ಮಳೆನಕ್ಷತ್ರ. ಸಾವಿರ ವರ್ಷಗಳ ಹಿಂದೆ ಕೃತ್ತಿಕೆಗೆ ಸಲ್ಲುತ್ತಿದ್ದ ಕಾಲ ಇಂದು ಭರಣಿಯ ಪಾಲಿಗೆ ಬಂದಿದೆ. ಹೀಗಿರುವಾಗ ಗಾದೆ ಇಂದಿಗೆ ಎಷ್ಟು ನಿಜ ಎಂಬುದನ್ನು ತಿಳಿಯುವ ದಾರಿ ಒಂದೇ: ಮಳೆಮಾಪಕವನ್ನಿಟ್ಟು, ದಿನದಿನದ ಮಳೆಯನ್ನು ಅಳೆದು, ವರ್ಷವರ್ಷವೂ ಬರೆಯುತ್ತ ಹೋಗುವುದು. ಅಜ್ಜನ ನೆನಪು ಪ್ರಶ್ನೆಯನ್ನು ಕೊಡುತ್ತದೆ. ಮೊಮ್ಮಗಳ ಲೆಕ್ಕದ ಪುಸ್ತಕ ಉತ್ತರವನ್ನು ಕೂಡಿಡುತ್ತದೆ. ಪಡುವಣದ ಮಲೆನಾಡಿನಿಂದ ಮೂಡಣದ ಚನ್ನರಾಯಪಟ್ಟಣದ ಕಡೆಗೆ ಸಾಗಿದಂತೆ ಮಳೆ ಕಡಮೆಯಾಗುವ ಈ ಜಿಲ್ಲೆಯಲ್ಲಿ ಊರೂರಿಗೂ ಇಂಥ ಲೆಕ್ಕದ ಅಗತ್ಯವಿದೆ.

ಎರಡನೆಯದು ಆಲೂಗೆಡ್ಡೆಯ ಪಾಠ. ಹಾಸನದ ರೈತರಿಗೆ ಆಲೂಗೆಡ್ಡೆ ಬಹುಕಾಲದಿಂದ ಹಣ ತಂದ ಬೆಳೆ. ಪಂಜಾಬಿನ ಜಲಂಧರದಿಂದ ಬಂದ ಬಿತ್ತನೆ ಗೆಡ್ಡೆಗಳನ್ನು ಕೊಂಡು, ಮುಂಗಾರಿನ ಮೊದಲಲ್ಲಿ ಬಿತ್ತಿ, ಮೂರು ತಿಂಗಳಲ್ಲಿ ಕೀಳುವುದು ಇಲ್ಲಿನ ಪದ್ಧತಿ. ಆದರೆ ಈ ಶತಮಾನದ ಮೊದಲ ದಶಕದಿಂದೀಚೆಗೆ ಅಂಗಮಾರಿ ರೋಗ ಪದೇಪದೇ ಎರಗಿ ರೈತರನ್ನು ಕಂಗೆಡಿಸಿತು. ಬೆಳಗ್ಗೆ ಹಸುರಾಗಿ ನಗುತ್ತಿದ್ದ ಹೊಲ ಕೆಲವೇ ದಿನಗಳಲ್ಲಿ ಬೆಂಕಿ ತಗುಲಿದಂತೆ ಕಪ್ಪಾಗುತ್ತದೆ. ಸಾಲ ಮಾಡಿ ಬಿತ್ತಿದವನಿಗೆ ಬೀಜದ ಹಣವೂ ಹುಟ್ಟುವುದಿಲ್ಲ. ಎಷ್ಟೋ ಮಂದಿ ಆಲೂಗೆಡ್ಡೆಯನ್ನೇ ಬಿಟ್ಟು ಮುಸುಕಿನ ಜೋಳ, ಶುಂಠಿಗಳ ಕಡೆಗೆ ತಿರುಗಿದರು.

ಈ ರೋಗ ಜಗತ್ತಿಗೆ ಹೊಸದಲ್ಲ. 1845ರಲ್ಲಿ ಅದು ಐರ್ಲೆಂಡಿನ ಆಲೂಗೆಡ್ಡೆ ಹೊಲಗಳನ್ನು ಹೊಕ್ಕಿತು. ಆಲೂಗೆಡ್ಡೆಯೊಂದನ್ನೇ ನಂಬಿ ಬದುಕುತ್ತಿದ್ದ ಆ ದೇಶದ ಬಡವರಲ್ಲಿ ಮುಂದಿನ ಕೆಲವು ವರ್ಷಗಳಲ್ಲಿ ಸುಮಾರು 10 ಲಕ್ಷ ಮಂದಿ ಹಸಿವಿನಿಂದಲೂ ರೋಗಗಳಿಂದಲೂ ಸತ್ತರು. ಸುಮಾರು ಅಷ್ಟೇ ಮಂದಿ ಊರುಬಿಟ್ಟು ಕಡಲಾಚೆಗೆ ಹೋದರು. ರೋಗಕ್ಕೆ ಕಾರಣವೇನೆಂದು ಆಗ ಯಾರಿಗೂ ನಿಶ್ಚಯವಾಗಿ ತಿಳಿದಿರಲಿಲ್ಲ. ಕೆಟ್ಟ ಗಾಳಿಯೆಂದರು ಕೆಲವರು, ದೈವಕೋಪವೆಂದರು ಕೆಲವರು. ಜರ್ಮನಿಯ ಆಂಟನ್ ಡಿ ಬಾರಿ ಎಂಬ ವಿಜ್ಞಾನಿ 1861ರಲ್ಲಿ ಇದು ಶಿಲೀಂಧ್ರವನ್ನು ಹೋಲುವ ಒಂದು ಸೂಕ್ಷ್ಮಜೀವಿಯ ಕೆಲಸವೆಂಬುದನ್ನು ಪ್ರಯೋಗದಿಂದ ತೋರಿಸಿಕೊಟ್ಟ. ತಂಪು ಹವೆ, ಮುಸುಕಿದ ಮೋಡ, ಜಿನುಗುವ ಮಳೆ, ಇವು ಮೂರೂ ಕೂಡಿದಾಗ ಆ ಜೀವಿಯ ಬೀಜಕಣಗಳು ಗಾಳಿ ನೀರುಗಳ ಮೂಲಕ ಎಲೆಯಿಂದ ಎಲೆಗೆ, ಹೊಲದಿಂದ ಹೊಲಕ್ಕೆ ಹರಡುತ್ತವೆ.

ಹೊಲದ ಅನುಭವವುಳ್ಳ ಹಿರಿಯರನ್ನು ಕೇಳಿದರೆ, ‘ಮೋಡ ಮುಚ್ಚಿಕೊಂಡು ಸೋನೆ ಹಿಡಿದರೆ ಆಲೂಗೆಡ್ಡೆಗೆ ಕೇಡು’ ಎಂದು ಅವರೇ ಹೇಳುತ್ತಾರೆ. ಅವರ ಗಮನಿಕೆ ಸರಿಯಾಗಿಯೇ ಇದೆ. ಆದರೆ ಕಾರಣ ತಿಳಿಯದ ಗಮನಿಕೆ ಎಚ್ಚರಿಕೆಯನ್ನು ಕೊಡುತ್ತದೆಯೇ ಹೊರತು ಉಪಾಯವನ್ನು ಕೊಡುವುದಿಲ್ಲ. ಮಗು ಮುಂಜಾನೆಯ ತೇವದಲ್ಲಿ ರೋಗ ತಗುಲಿದ ಎಲೆಯೊಂದನ್ನು ಮಗುಚಿ ಭೂತಗನ್ನಡಿಯಿಂದ ತೋರಿಸಲಿ. ಕಪ್ಪು ಮಚ್ಚೆಯ ಅಂಚಿನಲ್ಲಿ ಬಿಳಿಯ ಬೂಷ್ಟು ಕಾಣುತ್ತದೆ. ‘ಮಳೆಯಿಂದ ಸುಟ್ಟಿತು’ ಎಂದುಕೊಂಡಿದ್ದ ಅಜ್ಜ ಶತ್ರುವನ್ನು ಮೊದಲ ಸಲ ಕಣ್ಣಾರೆ ಕಾಣುತ್ತಾನೆ. ಇಡೀ ಹೊಲ ಕಪ್ಪಾದ ಮೇಲೆ ಔಷಧ ಸುರಿಯುವುದು ಏಕೆ ವ್ಯರ್ಥ, ಮೋಡ ಕವಿದ ಕೂಡಲೇ ಕೃಷಿ ವಿಜ್ಞಾನಿಗಳ ಸಲಹೆ ಪಡೆದು ಮುಂಜಾಗ್ರತೆ ವಹಿಸುವುದು ಏಕೆ ಅಗತ್ಯ ಎಂಬುದು ಅವನಿಗೆ ಆಗ ಯಾರೂ ಹೇಳದೆಯೇ ತಿಳಿಯುತ್ತದೆ.

ಇಲ್ಲಿ ಇನ್ನೊಂದು ಸಂಗತಿಯನ್ನು ನೆನೆಯಬೇಕು. ಫ್ರಾನ್ಸ್ ದೇಶದ ಬೋರ್ಡೋ ಪ್ರಾಂತದ ದ್ರಾಕ್ಷಿ ಬೆಳೆಗಾರರು ದಾರಿಹೋಕರು ಹಣ್ಣು ಕದಿಯದಿರಲೆಂದು ರಸ್ತೆಯಂಚಿನ ಬಳ್ಳಿಗಳಿಗೆ ಮೈಲುತುತ್ತವನ್ನೂ ಸುಣ್ಣವನ್ನೂ ಬೆರೆಸಿ ಎರಚುತ್ತಿದ್ದರು. ತೋಟದ ಉಳಿದ ಬಳ್ಳಿಗಳೆಲ್ಲ ರೋಗದಿಂದ ಸೊರಗಿದಾಗ ಈ ಬಳ್ಳಿಗಳು ಮಾತ್ರ ಹಸುರಾಗಿದ್ದುದನ್ನು ಮಿಲಾರ್ಡೆ ಎಂಬ ಪ್ರಾಧ್ಯಾಪಕ ಗಮನಿಸಿದ. ಏಕೆ ಎಂದು ಪ್ರಶ್ನಿಸಿ, ಪ್ರಯೋಗ ಮಾಡಿ, 1885ರಲ್ಲಿ ತನ್ನ ಫಲಿತಾಂಶವನ್ನು ಪ್ರಕಟಿಸಿದ. ಅದೇ ಮುಂದೆ ‘ಬೋರ್ಡೋ ದ್ರಾವಣ’ ಎಂದು ಹೆಸರಾಯಿತು. ಆಲೂಗೆಡ್ಡೆಯ ಅಂಗಮಾರಿಗೂ ಬಳಕೆಗೆ ಬಂದಿತು. ನಮ್ಮ ಮಲೆನಾಡಿನ ಅಡಕೆ ತೋಟಗಳಿಗೆ ಕೊಳೆರೋಗ ಬಂದಾಗ ರೈತರು ಗೊನೆಗಳಿಗೆ ಕೊಟ್ಟೆ ಕಟ್ಟಿ ಮಳೆಯಿಂದ ಕಾಯುತ್ತಿದ್ದರು. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಕೆನಡಾ ದೇಶದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಆ ರೋಗವನ್ನು ಅಭ್ಯಸಿಸಿ, 1910ರಲ್ಲಿ ಅದರ ಬಗೆಗೆ ವಿವರವಾದ ಗ್ರಂಥವನ್ನು ಪ್ರಕಟಿಸಿ, ಬೋರ್ಡೋ ದ್ರಾವಣದ ಬಳಕೆಯನ್ನು ಬೆಳೆಗಾರರಿಗೆ ತೋರಿಸಿಕೊಟ್ಟ. ಬೆಳೆಗಾರನ ರೂಢಿ, ವಿಜ್ಞಾನಿಯ ಪ್ರಶ್ನೆ, ಎರಡೂ ಕೂಡಿದುದರಿಂದಲೇ ಈ ಔಷಧ ಹುಟ್ಟಿತೆಂಬುದನ್ನು ಮರೆಯಬಾರದು.

ಮೂರನೆಯದು ರಾಗಿಯ ಪಾಠ. ರಾಗಿ ನಮ್ಮ ಸೀಮೆಯ ಜೀವ. ಅದರ ತವರು ಪೂರ್ವ ಆಫ್ರಿಕದ ಎತ್ತರದ ನಾಡುಗಳು ಎಂದರೆ ನಮ್ಮ ಅಜ್ಜಿಯರು ನಂಬುವುದು ಕಷ್ಟ. ಸಾವಿರಾರು ವರ್ಷಗಳ ಹಿಂದೆಯೇ ಅದು ಇಲ್ಲಿಗೆ ಬಂದು ನಮ್ಮದಾಯಿತು. ರಾಗಿಯ ಹೂ ಅತಿ ಸೂಕ್ಷ್ಮ. ತನ್ನ ಪರಾಗವನ್ನು ತಾನೇ ಪಡೆಯುವಂಥದು. ಆದ್ದರಿಂದ ಎರಡು ತಳಿಗಳನ್ನು ಬೆರೆಸುವುದು ಬಹಳ ತಾಳ್ಮೆಯ ಕೆಲಸ. ಮಂಡ್ಯದ ವಿ. ಸಿ. ಫಾರಂನಲ್ಲಿ ಬಹುಕಾಲ ದುಡಿದ ಲಕ್ಷ್ಮಣಯ್ಯನವರು ಈ ಕೆಲಸವನ್ನು ತಮ್ಮ ಜೀವನದ ವ್ರತವನ್ನಾಗಿ ಮಾಡಿಕೊಂಡರು. ಆಫ್ರಿಕದ ರಾಗಿಯನ್ನೂ ನಮ್ಮ ರಾಗಿಯನ್ನೂ ಬೆರೆಸಿ ಅವರು ಸಿದ್ಧಪಡಿಸಿದ ತಳಿಗಳೇ ‘ಇಂಡಾಫ್’. ಇಂಡಿಯಾ, ಆಫ್ರಿಕ ಎಂಬ ಎರಡು ಹೆಸರುಗಳೂ ಅದರಲ್ಲಿ ಕೂಡಿವೆ. ಇಂಥ ತಳಿಗಳಿಂದ ರೈತರ ರಾಗಿಯ ಇಳುವರಿ ಗಣನೀಯವಾಗಿ ಹೆಚ್ಚಿತು. ಜನ ಅವರನ್ನು ‘ರಾಗಿ ಲಕ್ಷ್ಮಣಯ್ಯ’ ಎಂದೇ ಕರೆದರು. ಯಾವ ಪದವಿಗೂ ಕಡಮೆಯಲ್ಲದ ಬಿರುದು ಅದು.

ಹೊಸ ತಳಿ ಬಂದಾಗ ರೈತನ ಮನೆಯಲ್ಲಿ ಏಳುವ ಪ್ರಶ್ನೆಗಳು ಹಲವು. ಹಿಟ್ಟು ಮುದ್ದೆಗೆ ಹದವಾಗುವುದೆ? ಹುಲ್ಲನ್ನು ದನ ತಿನ್ನುವುದೆ? ಮಳೆ ತಡವಾದರೆ ತಡೆಯುವುದೆ? ಇವು ಅಜ್ಜಿಯೂ ಅಜ್ಜನೂ ಕೇಳುವ ಪ್ರಶ್ನೆಗಳು. ಇಳುವರಿಯ ಅಂಕಿಗಳಷ್ಟನ್ನೇ ನೋಡುವವನಿಗೆ ಇವು ಹೊಳೆಯುವುದಿಲ್ಲ. ಮುದ್ದೆಯ ಹದವನ್ನು ಬಲ್ಲ ಕೈ ಪ್ರಯೋಗಶಾಲೆಯ ತಕ್ಕಡಿಯಷ್ಟೇ ಬೆಲೆಯುಳ್ಳದ್ದು. ಆದರೆ ಆ ಕೈಯ ತೀರ್ಪನ್ನು ಬರೆದಿಟ್ಟು, ಹಳೆಯ ತಳಿಗೂ ಹೊಸ ತಳಿಗೂ ಅಕ್ಕಪಕ್ಕದ ಪಾತಿಗಳಲ್ಲಿ ಒಂದೇ ಗೊಬ್ಬರ, ಒಂದೇ ನೀರು ಕೊಟ್ಟು ಹೋಲಿಸಿದಾಗ ಮಾತ್ರ ಅದು ವಿಜ್ಞಾನವಾಗುತ್ತದೆ. ಈ ಹೋಲಿಕೆಯನ್ನು ಅರಕಲಗೂಡಿನ ಶಾಲೆಯ ಹಿತ್ತಲಿನಲ್ಲಿಯೂ ಹೊಳೆನರಸೀಪುರದ ರೈತನ ಹೊಲದ ಮೂಲೆಯಲ್ಲಿಯೂ ಮಾಡಬಹುದು.

ಈ ಮೂರು ಪಾಠಗಳಲ್ಲಿಯೂ ಒಂದೇ ಸತ್ಯ ಕಾಣುತ್ತದೆ. ಮುದುಕರಿಗೆ ವಿಜ್ಞಾನವನ್ನು ಕಲಿಸುವುದು ದಾನವಲ್ಲ. ಮಕ್ಕಳನ್ನು ಅವರ ಜೊತೆಯಲ್ಲಿ ಕೂರಿಸುವುದು ವಿನೋದವಲ್ಲ. ವಿಜ್ಞಾನಕ್ಕೆ ದೀರ್ಘಕಾಲದ ಗಮನಿಕೆ ಬೇಕು, ಅದು ಹಿರಿಯರಲ್ಲಿದೆ. ಅದಕ್ಕೆ ಅಂಜಿಕೆಯಿಲ್ಲದ ಪ್ರಶ್ನೆ ಬೇಕು, ಅದು ಮಕ್ಕಳಲ್ಲಿದೆ. ಅದಕ್ಕೆ ನಿಯಮಬದ್ಧವಾದ ಪರೀಕ್ಷೆ ಬೇಕು. ಅದನ್ನು ಕಲಿಸಬಲ್ಲದು ವಿಶ್ವವಿದ್ಯಾನಿಲಯ. ಮೂರರಲ್ಲಿ ಯಾವುದೊಂದು ಇಲ್ಲದಿದ್ದರೂ ಕೆಲಸ ಅರ್ಧಕ್ಕೆ ನಿಲ್ಲುತ್ತದೆ.

ಆದರೆ ದಾರಿ ಸುಗಮವಾದುದೆಂದು ತಿಳಿಯಬಾರದು. ‘ಈ ವಯಸ್ಸಿನಲ್ಲಿ ನನಗೇಕೆ ಓದು?’ ಎಂಬ ಸಂಕೋಚ ಹಿರಿಯರದು. ಮೊಮ್ಮಕ್ಕಳ ಎದುರಿಗೆ ತನಗೆ ತಿಳಿಯದೆಂದು ಒಪ್ಪಿಕೊಳ್ಳಲು ಅವರ ಮನಸ್ಸು ಹಿಂಜರಿಯುತ್ತದೆ. ‘ಅಜ್ಜನಿಗೇನು ಗೊತ್ತು?’ ಎಂಬ ಉಪೇಕ್ಷೆ ಕೆಲವು ಮಕ್ಕಳದು. ‘ಇವರಿಗೆ ಹೇಳಿದರೆ ಅರ್ಥವಾದೀತೆ?’ ಎಂಬ ಅನುಮಾನ ಕೆಲವು ವಿದ್ವಾಂಸರದು. ಮೂರೂ ಒಂದೇ ರೋಗದ ಮೂರು ಲಕ್ಷಣಗಳು. ಆ ರೋಗದ ಹೆಸರು ಅಹಂಕಾರ. ನರೆತ ಕೂದಲು ಪ್ರಮಾಣವಲ್ಲ, ಅಚ್ಚಾದ ಪುಸ್ತಕವೂ ಪ್ರಮಾಣವಲ್ಲ, ಪ್ರಾಧ್ಯಾಪಕರ ಪೀಠವೂ ಪ್ರಮಾಣವಲ್ಲ. ಪರೀಕ್ಷೆಗೆ ನಿಂತದ್ದು ಮಾತ್ರ ಪ್ರಮಾಣ ಎಂಬುದು ವಿಜ್ಞಾನದ ಮೂಲಮಂತ್ರ. ಈ ಮಂತ್ರದ ಮುಂದೆ ಅಜ್ಜ, ಮೊಮ್ಮಗಳು, ಪ್ರಾಧ್ಯಾಪಕ ಮೂವರೂ ಸಮಾನರು.

ಗ್ರಹಣದ ಸಂಗತಿಯನ್ನೇ ನೋಡಿ. 1980ರ ಫೆಬ್ರುವರಿ 16ರಂದು ಅಂಕೋಲ, ರಾಯಚೂರುಗಳ ಮೇಲೆ ಹಾದುಹೋದ ಪೂರ್ಣ ಸೂರ್ಯಗ್ರಹಣವನ್ನು ಕಾಣಲು ವಿಜ್ಞಾನಿಗಳು ದೂರದಿಂದ ಬಂದರು. ನಾಡಿನ ಎಷ್ಟೋ ಮನೆಗಳಲ್ಲಿ ಮಾತ್ರ ಮಕ್ಕಳನ್ನು ಬಾಗಿಲು ಮುಚ್ಚಿ ಒಳಗೆ ಕೂರಿಸಿದ್ದರು. 2019ರ ಡಿಸೆಂಬರ್ 26ರಂದು ಕಂಕಣ ಗ್ರಹಣದ ಹಾದಿ ಕಾಸರಗೋಡು, ಕೊಡಗುಗಳ ಮೇಲೆ ಹಾದಾಗ ಅನೇಕ ಕಡೆ ಹಿರಿಯರೂ ಕಿರಿಯರೂ ಬಯಲಿನಲ್ಲಿ ಕೂಡಿ, ತಕ್ಕ ಕನ್ನಡಕಗಳನ್ನು ಧರಿಸಿ ಅದನ್ನು ಕಂಡರು. ಬರಿಗಣ್ಣಿನಿಂದ ಸೂರ್ಯನನ್ನು ನೋಡಿದರೆ ಕಣ್ಣಿಗೆ ಹಾನಿ ಎಂಬ ಹಿರಿಯರ ಎಚ್ಚರಿಕೆ ಸತ್ಯವೇ. ಮನೆಯಿಂದ ಹೊರಗೆ ಬಂದರೇ ಕೇಡು ಎಂಬುದು ಮಾತ್ರ ಪರೀಕ್ಷೆಗೆ ನಿಲ್ಲದ ಮಾತು. ಒಂದನ್ನು ಉಳಿಸಿಕೊಂಡು ಇನ್ನೊಂದನ್ನು ಬಿಡುವ ವಿವೇಕ ಇಬ್ಬರೂ ಕೂಡಿ ಕಲಿತಾಗ ಬರುತ್ತದೆ.

ಒಂಬತ್ತನೆಯ ತರಗತಿಯ ವಿದ್ಯಾರ್ಥಿಗಳು ಈ ಕಾರ್ಯಕ್ಕೆ ದೊಡ್ಡವರ ಅಪ್ಪಣೆಯನ್ನು ಕಾಯಬೇಕಾಗಿಲ್ಲ. ಮುಂದಿನ ಏಪ್ರಿಲಿನ ಕೊನೆಯ ವಾರದಲ್ಲಿ ಅಂಗಳದಲ್ಲಿ ಒನಕೆಯನ್ನು ನಿಲ್ಲಿಸಿ, ಮನೆಯ ಹಿರಿಯರನ್ನು ಹತ್ತಿರ ಕರೆಯಿರಿ. ಅವರು ಬಲ್ಲ ಮಳೆನಕ್ಷತ್ರಗಳ ಹೆಸರುಗಳನ್ನು ಬರೆದುಕೊಳ್ಳಿ; ನೀವು ಬಲ್ಲ ಅಕ್ಷಾಂಶವನ್ನು ಅವರಿಗೆ ವಿವರಿಸಿ. ಇಬ್ಬರಿಗೂ ಬಗೆಹರಿಯದ ಪ್ರಶ್ನೆಯೊಂದು ಉಳಿದರೆ ಅದನ್ನು ಹಿಡಿದು ನಿಮ್ಮ ಉಪಾಧ್ಯಾಯರ ಬಳಿಗೆ, ಕಾರೇಕೆರೆಗೆ, ಹೇಮಗಂಗೋತ್ರಿಗೆ ಒಟ್ಟಿಗೆ ಹೋಗಿ. ಪ್ರಶ್ನೆಯನ್ನು ಹೊತ್ತು ಬಂದ ಅಜ್ಜನಿಗೂ ಮೊಮ್ಮಗಳಿಗೂ ಬಾಗಿಲು ತೆರೆಯುವುದಕ್ಕಿಂತ ಹಿರಿದಾದ ಗೌರವ ಯಾವ ವಿಶ್ವವಿದ್ಯಾನಿಲಯಕ್ಕೂ ಇಲ್ಲ. ವಿಶ್ವದ ವಿದ್ಯೆಗೆ ನಿಲಯವಾದದ್ದು ಎಂಬ ಹೆಸರು ಅದಕ್ಕೆ ಸಾರ್ಥಕವಾಗುವುದು ಅಂದೇ.

ಅಭ್ಯಾಸ

1. ‘ದೇಶ ಸುತ್ತು, ಕೋಶ ಓದು’ ಎಂಬ ಗಾದೆಯನ್ನು ಲೇಖಕರು ಅಜ್ಜ ಮೊಮ್ಮಗಳಿಗೆ ಹೇಗೆ ಅನ್ವಯಿಸಿದ್ದಾರೆ?
2. ಮೈಸೂರು ವಿಶ್ವವಿದ್ಯಾನಿಲಯದ ಪ್ರಚಾರೋಪನ್ಯಾಸಗಳ ಹಿಂದಿದ್ದ ಭಾವನೆ ಯಾವುದು?
3. ಚನ್ನರಾಯಪಟ್ಟಣದಲ್ಲಿ ನೆರಳು ಹಾಸನಕ್ಕಿಂತ ಮೊದಲು ಅಡಗಲು ಕಾರಣವೇನು?
4. ‘ಕಾರಣ ತಿಳಿಯದ ಗಮನಿಕೆ ಎಚ್ಚರಿಕೆಯನ್ನು ಕೊಡುತ್ತದೆಯೇ ಹೊರತು ಉಪಾಯವನ್ನು ಕೊಡುವುದಿಲ್ಲ’ — ಆಲೂಗೆಡ್ಡೆಯ ಪಾಠದ ನೆರವಿನಿಂದ ಈ ಮಾತನ್ನು ಸಮರ್ಥಿಸಿರಿ.
5. ನಿಮ್ಮ ಮನೆಯ ಹಿರಿಯರಿಂದ ಮಳೆ, ಬೆಳೆಗಳನ್ನು ಕುರಿತ ಐದು ಗಾದೆಗಳನ್ನು ಸಂಗ್ರಹಿಸಿ, ಅವುಗಳಲ್ಲಿ ಒಂದನ್ನು ಪರೀಕ್ಷಿಸುವ ಬಗೆಯನ್ನು ಅವರೊಡನೆ ಚರ್ಚಿಸಿ ಬರೆಯಿರಿ.